ಎರಡು ಸಲ ಮನೆಗೆ ಬಂದ ಸರ್

1996ರ ಆಗಸ್ಟ್‌ನಲ್ಲಿ ಹರಪನಹಳ್ಳಿಯ ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್, ಮೊದಲ ಪಿಯುಸಿಯ ಹಾಸ್ಟೆಲ್ ವಿದ್ಯಾರ್ಥಿಗಳೆಲ್ಲರನ್ನೂ ವಿಜ್ಞಾನದಿಂದ ಕಲಾ ವಿಭಾಗಕ್ಕೆ ಬದಲಿಸಿದರು. ಅವರಲ್ಲಿ ನಾನೂ ಒಬ್ಬಳು.

ಅವರ ಬಲಗೈ ಬೆರಳುಗಳು ಸದಾ ಸೀಮೆಸುಣ್ಣ ಹತ್ತಿ ಬೆಳ್ಳಗಿರುತ್ತಿದ್ದವು. ಅದೇ ಬೆರಳಿನಿಂದ ಉಜ್ಜಿಕೊಂಡು ಮೂಗಿನ ಮೇಲೂ ಒಂದು ಬಿಳಿ ಗೆರೆ. ಕನ್ನಡ ಮಾಧ್ಯಮದಿಂದ ಬಂದ ನಮಗೆ ಬೆಳಿಗ್ಗೆ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಪಾಠವನ್ನು ಕನ್ನಡದಲ್ಲಿ ಮತ್ತೆ ಹೇಳಿಕೊಡುತ್ತಿದ್ದರು. "ಬಸ್ಸು ಗಕ್ಕನ ನಿಂತಾಗ ಯಾರ ಹಣಿ ಮುಂದಿನ ಸೀಟಿಗೆ ಬಡಿತೈತಿ, ಅವರಿಗೆ ಇನರ್ಷಿಯಾ ತಿಳೀತು ಅಂತ ಲೆಕ್ಕ." ನಾವು ಹಣೆ ಮುಟ್ಟಿಕೊಂಡು ನಗುತ್ತಿದ್ದೆವು.

ನನ್ನನ್ನು ವಿಜ್ಞಾನಕ್ಕೆ ಸೇರಿಸಿದವರೂ ಅವರೇ. ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ನಮ್ಮಂಥವರ ಮನೆಗಳನ್ನು ಪ್ರತಿವರ್ಷ ಹುಡುಕಿಕೊಂಡು ಹೋಗುತ್ತಿದ್ದರು. ಉಚ್ಚಂಗಿದುರ್ಗದ ಹತ್ತಿರದ ನಮ್ಮ ಕೇರಿಗೂ ಬಂದು, ಒಳಗೆ ಕೂತು, ಅವ್ವ ಕೊಟ್ಟ ಚಹಾ ಕುಡಿದರು. ಅದುವರೆಗೆ ಯಾವ ಮೇಷ್ಟ್ರೂ ನಮ್ಮ ಹೊಸಿಲು ದಾಟಿರಲಿಲ್ಲ.

"ಹುಡುಗಿ ಡಾಕ್ಟರ್ ಆಗ್ತಾಳವ್ವ. ಇಂಗ್ಲೀಷಿನ ಚಿಂತಿ ನಂಗ ಬಿಡು," ಎಂದರು.

ಆ ವರ್ಷವೇ ಅವರು ಪ್ರಾಂಶುಪಾಲರಾದರು. ವಿಜ್ಞಾನದ ಫಲಿತಾಂಶ ಕುಸಿದಿದೆ ಎಂದು ಆಡಳಿತ ಮಂಡಳಿ ಒತ್ತಡ ಹಾಕುತ್ತಿತ್ತು. ಮೊದಲ ಟೆಸ್ಟಿನಲ್ಲಿ ಹಾಸ್ಟೆಲಿನ ಹೆಚ್ಚಿನವರು ಫೇಲಾದರು. ನಾನು ಪಾಸಾಗಿದ್ದೆ. ನಮಗೆ ಯಾರಿಗೂ ಹೇಳದೆ ಸರ್ ಮತ್ತೆ ನಮ್ಮ ಮನೆಗಳಿಗೆ ಹೋಗಿ ಬಂದರು. ಶನಿವಾರ ಊರಿಗೆ ಹೋದಾಗ ಅವ್ವ ಹೇಳಿದಳು:

"ನಿನಗ ಸೈನ್ಸ್ ಆಗಂಗಿಲ್ಲಂತ. ಆರ್ಟ್ಸ್ ಓದಿ ಟೀಚರ್ ಆಗ್ಲಿ ಅಂದ್ರು. ನಾ ಹೂಂ ಅಂದೆ."

"ನಾ ಪಾಸಾಗೀನಿ, ಯವ್ವಾ!"

"ಸುಮ್ನಿರಲೇ. ನಮ್ಮ ಮನಿಯಾಗ ಚಾ ಕುಡದೋರು ಸುಳ್ಳು ಹೇಳ್ತಾರೇನು?"

ಸೋಮವಾರ ಅವರ ಕೋಣೆಯ ಮುಂದೆ ನಿಂತೆ. ತಲೆ ಎತ್ತದೆ, "ಆರ್ಟ್ಸ್ ಕ್ಲಾಸು ಮ್ಯಾಲಿನ ಮಹಡ್ಯಾಗ ಐತಿ, ಹೋಗವ್ವ," ಎಂದರು. ಹಾಸ್ಟೆಲಿನ ಬೆಳಗಿನ ಪಾಠವೂ ನಿಂತಿತು. ಎರಡು ವರ್ಷದ ನಂತರ ವಿಜ್ಞಾನದ ಪರೀಕ್ಷೆಗೆ ಕೂತವರೆಲ್ಲ ಪಾಸಾದರು. ಮಂಡಳಿ ಅವರಿಗೆ ಶಾಲು ಹೊದಿಸಿತು.

ನಾನು ಬಿ.ಎ. ಮುಗಿಸಿ ಪತ್ರಿಕೆ ಸೇರಿದೆ. 2007ರಲ್ಲಿ ಕಾನಹೊಸಹಳ್ಳಿಯ ಅವರ ಮನೆಗೆ ಹೋಗಿ ಕೇಳಿದೆ: "ನಾ ಪಾಸಾಗಿದ್ನಲ್ರಿ ಸರ್. ನನ್ಯಾಕ ತಗದ್ರಿ?"

"ನಿನ್ನೊಬ್ಬಾಕಿನ್ನ ಬಿಟ್ಟಿದ್ರ, ಉಳದ ಹುಡುಗ್ರ ಮನಿಯೋರು ನಮ್ಮೋರನ್ನ ಯಾಕ ತಗದ್ರಿ ಅಂತ ಕೇಳ್ತಿದ್ರು."

"ಅಲ್ಲೇ ಇದ್ದಿದ್ರ ಡಾಕ್ಟರ್ ಆಗ್ತಿದ್ನೇನ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು.

"ಆಗ್ತಿದ್ದಿ."

ಮರುವರ್ಷ ಅವರು ತೀರಿಕೊಂಡರು. ಬಡ ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದವರು ಎಂದು ಕಾಲೇಜು ಹೇಳಿಕೆ ಕೊಟ್ಟಿತು. ಸುದ್ದಿ ಬರೆದು ಕಳಿಸಿದವಳು ನಾನು. ಹೇಳಿಕೆ ಇದ್ದ ಹಾಗೆಯೇ ಅಚ್ಚಾಯಿತು.