ಬ್ರೇಕಿಗೆ ಎಣ್ಣೆ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಸೈಕಲ್ಲಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕನ್ನು ನಾನೇ ರಿಪೇರಿ ಮಾಡಿದೆ. ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿಕೊಂಡು ಲಿವರ್ ಮೆತ್ತಗಾಗಿತ್ತು. ಸಿರಿಂಜಿನಿಂದ ಹೊಸ ಎಣ್ಣೆ ತುಂಬಿ, ಕೊನೆಯ ಗುಳ್ಳೆಯನ್ನೂ ಹೊರಗೆ ಹಾಕಿ, ಕೈಯಲ್ಲಿದ್ದ ಬಟ್ಟೆಯಿಂದ ಡಿಸ್ಕನ್ನು ಫಳಫಳ ಹೊಳೆಯುವಂತೆ ಒರೆಸಿದೆ. ಆ ಬಟ್ಟೆ ಎಣ್ಣೆಯಲ್ಲಿ ನೆಂದಿತ್ತು ಎಂದು ತಿಳಿದದ್ದು ಸೈಕಲ್ ಹತ್ತಿ ಹೊರಟು, ಬ್ರೇಕ್ ಹಿಡಿಯದೆ, ಬೆಹಾಲಾ ಬಡಾವಣೆಯ ಚಹಾ ಅಂಗಡಿಯ ಬೆಂಚಿಗೆ ಗುದ್ದಿದ ಮೇಲೆ. ಬೆಂಚಿನ ಮೇಲಿದ್ದ ಅಜ್ಜ ಚಹಾದ ಕುಡಿಕೆಯನ್ನು ಮೇಲೆತ್ತಿ ಹಿಡಿದು ಪಾರಾದರು.

ಪಕ್ಕದಲ್ಲೇ ಸೈಕಲ್ ರಿಪೇರಿ ಮಾಡುವ ಮಿಸ್ತ್ರಿ ಓಡಿಬಂದು ಡಿಸ್ಕ್ ಮುಟ್ಟಿ, ಬೆರಳು ಮೂಸಿದ. "ದಾದಾ, ಅಣ್ಣಾ, ಬ್ರೇಕಿಗೆ ಎಣ್ಣೆ ಹಚ್ಚಿದ್ದೀರಾ? ಏನು ಕೆಲಸ ನಿಮ್ಮದು?"

ನಾನು ಎಂಜಿನಿಯರಿಂಗ್ ಓದುವವರಿಗೆ ದ್ರವಗಳ ಒತ್ತಡದ ಪಾಠ ಹೇಳುವವನು.

"ಇತಿಹಾಸದ ಮೇಷ್ಟ್ರು" ಎಂದೆ.

ಎಲ್ಲ ಅರ್ಥವಾದವನಂತೆ ಅವನು ತಲೆಯಾಡಿಸಿದ.

ಇತಿಹಾಸ ವಿಭಾಗದ ಗೆಳೆಯರೇ, ದಯವಿಟ್ಟು ಕ್ಷಮಿಸಿ.