ಮುಸುಕು ಎಳೆಯುವ ಮೊದಲು

ಗರ್ಟ್ರೂಡ್ ಸಿಸ್ಟರ್ ಸತ್ತವರೊಡನೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ರೋಗಿ ಬದುಕಿರುವವರೆಗೆ ಅವರವರ ಭಾಷೆ. ಕುವೈತಿ ಅಜ್ಜಿಯರಿಗೆ ಅರೇಬಿಕ್, ಮನೆಗೆಲಸದ ಹೆಂಗಸರಿಗೆ ಹಿಂದಿ, ನಮ್ಮ ಕಡೆಯವರಿಗೆ ತುಳು. ಉಸಿರು ನಿಂತು, ಡಾಕ್ಟರು ಸಮಯ ಬರೆದು ಹೋದ ಮೇಲೆ, ನಳಿಕೆಗಳನ್ನು ತೆಗೆದು ಮೈ ಒರೆಸುವಾಗ ಎಲ್ಲರಿಗೂ ಕೊಂಕಣಿಯೇ. "ಭಿಯೆನಾಕಾ, ಹಾಂವ್ ಆಸಾಂ" ಎಂದು ಶುರು ಮಾಡುವರು. ಹೆದರಬೇಡ, ನಾನಿದ್ದೇನೆ. ಆಮೇಲೆ ಈಗ ಕೈ ಎತ್ತುತ್ತೇನೆ, ಈಗ ಮಗ್ಗುಲಿಗೆ ತಿರುಗಿಸುತ್ತೇನೆ ಎಂದು ಒಂದೊಂದನ್ನೂ ಹೇಳಿಯೇ ಮಾಡುವರು.

ನಾನು ಅವರ ವಾರ್ಡಿಗೆ ಹೊಸದಾಗಿ ಸೇರಿದಾಗ ಒಮ್ಮೆ ಕೇಳಿದ್ದೆ. "ಸಿಸ್ಟರ್, ಇವರಿಗೆ ಕೊಂಕಣಿ ಎಲ್ಲಿ ಅರ್ಥ ಆಗ್ತದೆ?"

"ಇನ್ನು ಅವರಿಗೆ ಎಲ್ಲ ಭಾಷೆಯೂ ಒಂದೇ ಅಲ್ವಾ ಮಾರಾಯ್ತಿ? ನನಗೆ ಸುಲಭ ಆದದ್ದು ಮಾತಾಡ್ತೇನೆ."

ಅವರು ಬೆಳ್ಮಣ್ಣಿನವರು. ಮಂಗಳೂರಿನಲ್ಲಿ ನರ್ಸಿಂಗ್ ಡಿಪ್ಲೊಮಾ ಮಾಡಿ, ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕುವೈತಿಗೆ ಬಂದವರು. ಫಾಹಾಹೀಲ್ ಕಡೆಯ ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಇನ್‌ಚಾರ್ಜ್ ಆಗಿದ್ದರು. ಆ ವಾರ್ಡೇ ಅವರ ಮನೆ ಎಂದರೂ ತಪ್ಪಲ್ಲ. ಗಂಡ ಬರ್ನಾರ್ಡ್ ಶುಐಬಾದ ಒಂದು ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಮಕ್ಕಳಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಆಸ್ಪತ್ರೆಯವರು ಹೊಸ ನಿಯಮ ತಂದರು. ಇನ್‌ಚಾರ್ಜ್ ಆಗಿರುವವರಿಗೆ ಬ್ಯಾಚುಲರ್ ಡಿಗ್ರಿ ಇರಬೇಕು. ಮೂರು ವರ್ಷದೊಳಗೆ ತರದಿದ್ದರೆ ಮತ್ತೆ ಸಾಮಾನ್ಯ ಸ್ಟಾಫ್ ನರ್ಸ್. ಡಿಪ್ಲೊಮಾದವರನ್ನು, ಅದರಲ್ಲೂ ಆ ವಯಸ್ಸಿನವರನ್ನು, ಯಾವ ಯೂನಿವರ್ಸಿಟಿ ಒಳಗೆ ಬಿಡುತ್ತದೆ? ಅದೇ ಹೊತ್ತಿಗೆ ಅಹ್ಮದಿ ರಸ್ತೆಯ ಒಂದು ಸಣ್ಣ ಕಾಲೇಜಿಗೆ ಡಿಗ್ರಿ ಕೊಡುವ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಅದು ಎರಡು ವರ್ಷದ ಡಿಪ್ಲೊಮಾ ಮಾತ್ರ ಕೊಡುತ್ತಿತ್ತು. ಇನ್ನು ಮುಂದೆ ಡಿಪ್ಲೊಮಾ ಇದ್ದವರು ಸಂಜೆ ಕ್ಲಾಸಿನಲ್ಲಿ ಇನ್ನೆರಡು ವರ್ಷ ಕಲಿತರೆ ಬ್ಯಾಚುಲರ್. ಸಿಸ್ಟರ್ ಮೊದಲ ದಿನವೇ ಹೆಸರು ಕೊಟ್ಟರು. ನನ್ನನ್ನೂ ಎಳೆದುಕೊಂಡು ಹೋದರು.

ಅಲ್ಲಿ ವಾರದ ರಜೆ ಶುಕ್ರವಾರ; ಅಂದು ಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದರೆ ಇದೇ ಮಾತು.

"ಡಿಪ್ಲೊಮಾ ಕಾಲೇಜಿಗೆ ಎರಡು ವರ್ಷ ಅಂಟಿಸಿದ್ರೆ ಡಿಗ್ರಿ ಆಗ್ತದಾ ಗರ್ಟ್ರೂಡ್?" ಎಂದು ಬೆನೆಡಿಕ್ಟಾ ಕೆಣಕಿದರು. ಅವರ ಮಗಳು ಮಣಿಪಾಲದಲ್ಲಿ ಓದುತ್ತಿದ್ದಳು.

"ದೊಡ್ಡವರು ಬಾಗಿಲು ಹಾಕಿದ್ರು, ಇವರು ತೆಗೆದ್ರು. ತೆಗೆದ ಬಾಗಿಲಲ್ಲಿ ಹೋಗುದು ನಾನು" ಎಂದು ಸಿಸ್ಟರ್ ಹೊರಟೇಬಿಟ್ಟರು.

ಡಿಗ್ರಿಯ ಅನುಮತಿ ಬೇಕಾದರೆ ಕಾಲೇಜಿನಲ್ಲಿ ಅಭ್ಯಾಸಕ್ಕೆಂದು ಒಂದು ರೋಗಿಗೊಂಬೆ ಇರಬೇಕಿತ್ತಂತೆ. ಅದನ್ನು ತರಿಸಿ, ಕೊನೆಯ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಆಳೆತ್ತರದ ಹೆಣ್ಣುಗೊಂಬೆ. ರಬ್ಬರಿನ ಚರ್ಮ. ಕಣ್ಣು ಮಿಟುಕಿಸುತ್ತದೆ, ಎದೆ ಏರಿ ಇಳಿಯುತ್ತದೆ, ಕುತ್ತಿಗೆಯಲ್ಲಿ ನಾಡಿ ಸಿಗುತ್ತದೆ. ಗೋಡೆಯ ಕಪ್ಪು ಗಾಜಿನ ಆಚೆ ನಮ್ಮ ಅಧ್ಯಾಪಕಿ, ಈಜಿಪ್ಟಿನ ಡಾಕ್ಟರ್ ಸಮೀಹಾ, ಮೈಕ್ ಹಿಡಿದು ಕುಳಿತಿರುತ್ತಿದ್ದರು. ಅವರು ಆಡಿದ್ದು ಗೊಂಬೆಯ ಗಂಟಲಿನಿಂದ ಬರುತ್ತಿತ್ತು. "ಸಿಸ್ಟರ್, ಎದೆ ನೋಯ್ತಾ ಇದೆ." "ಸಿಸ್ಟರ್, ನೀರು ಕೊಡಿ." ಮುಟ್ಟಿದರೆ ಅದು ತಣ್ಣಗೂ ಇರುತ್ತಿರಲಿಲ್ಲ, ಬೆಚ್ಚಗೂ ಇರುತ್ತಿರಲಿಲ್ಲ.

"ನಿಮ್ಮ ಬ್ಯಾಚಿನಲ್ಲಿ ಒಂದು ಕ್ಲಾಸೂ ತಪ್ಪಿಸದವಳು ಆ ಗೊಂಬೆಯೊಬ್ಬಳೇ. ಮೊದಲ ಡಿಗ್ರಿ ಅವಳಿಗೇ ಕೊಡ್ಲಿ" ಎಂದು ಬರ್ನಾರ್ಡ್ ನಗುತ್ತಿದ್ದರು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಧೂಳು ಎದ್ದಿತ್ತು. ಮಧ್ಯಾಹ್ನವೇ ಕಿಟಕಿಯೆಲ್ಲ ಕಿತ್ತಳೆ ಬಣ್ಣ. ಸಿಸ್ಟರಿಗೆ ಬಂದ ಪ್ರಶ್ನೆ ಹೀಗಿತ್ತು: ರೋಗಿಯ ಸ್ಥಿತಿ ಕೆಡುತ್ತದೆ, ಎಷ್ಟು ಮಾಡಿದರೂ ಉಳಿಯುವುದಿಲ್ಲ, ಆಮೇಲೆ ದೇಹದ ಆರೈಕೆ ಮಾಡಿ ಮುಖಕ್ಕೆ ಮುಸುಕು ಎಳೆಯಬೇಕು. ಸಹಾಯಕ್ಕೆ ನಾನು. ಅವರು ಎದೆ ಒತ್ತಿದ್ದು, ಔಷಧ ಕೊಟ್ಟದ್ದು, ಯಾವುದರಲ್ಲೂ ತಪ್ಪಿರಲಿಲ್ಲ. "ರೋಗಿ ತೀರಿಕೊಂಡಿದ್ದಾರೆ" ಎಂದು ಡಾಕ್ಟರ್ ಸಮೀಹಾ ಚಾವಣಿಯ ಸ್ಪೀಕರಿನಲ್ಲಿ ಹೇಳಿ ಯಂತ್ರ ಆರಿಸಿದರು. ಗೊಂಬೆಯ ಎದೆ ಇಳಿದು ನಿಂತಿತು. ಒಳಗಿನ ಗುಂಯ್ ಸದ್ದೂ ನಿಂತಿತು.

ಸಿಸ್ಟರ್ ಎಂದಿನಂತೆ ಬಾಗಿ ಅದರ ಕಿವಿಯ ಹತ್ತಿರ ಹೇಳಿದರು, "ಭಿಯೆನಾಕಾ, ಹಾಂವ್ ಆಸಾಂ."

ಮೈ ಒರೆಸಿದೆವು. ಕೈಕಾಲು ನೆಟ್ಟಗೆ ಮಾಡಿದೆವು. ಬಿಳಿ ಬಟ್ಟೆ ಸುತ್ತಿ, ಅದರ ಅಂಚನ್ನು ಗಲ್ಲದವರೆಗೆ ತಂದಾಗ ಗೊಂಬೆಯ ಗಂಟಲಿನಿಂದ ಒಂದು ದನಿ ಬಂತು. ಬಹಳ ದಿನ ನೀರು ಕಾಣದ ಗಂಟಲಿನದು.

"ಹಾಂವ್‌ಯೀ ಆಸಾಂ."

ನಾನೂ ಇದ್ದೇನೆ. ಅಷ್ಟು ಕೊಂಕಣಿ ನನಗೂ ಬರುತ್ತಿತ್ತು. ಆ ಕಟ್ಟಡದಲ್ಲಿ ಕೊಂಕಣಿ ಬಲ್ಲವರು ನಾವಿಬ್ಬರೇ.

ಸಿಸ್ಟರ್ ಬಟ್ಟೆ ಬಿಟ್ಟು ಗೊಂಬೆಯ ಕುತ್ತಿಗೆಗೆ ಎರಡು ಬೆರಳಿಟ್ಟರು. ತುಂಬ ಹೊತ್ತು ಇಟ್ಟರು. ಆಮೇಲೆ ಗಾಜಿನ ಕಡೆ ನೋಡಿ, "ಡಾಕ್ಟರ್, ಪೇಷಂಟ್ ಮಾತಾಡಿದ್ರು" ಎಂದರು.

"ಪೇಷಂಟ್ ತೀರಿಕೊಂಡಿದ್ದಾರೆ ಸಿಸ್ಟರ್. ಮುಖ ಮುಚ್ಚಿ. ಯಲ್ಲಾ, ಬೇಗ."

"ಮಾತಾಡಿದವರ ಮುಖ ನಾನು ಮುಚ್ಚುದಿಲ್ಲ."

ಪರೀಕ್ಷೆಯ ಸಮಯ ಮುಗಿಯುವವರೆಗೂ ಅವರು ಗೊಂಬೆಯ ಕೈ ಹಿಡಿದು ನಿಂತಿದ್ದರು. ಪರೀಕ್ಷಕರು ಅವರನ್ನು ಫೇಲ್ ಮಾಡಿದರು. ಡಾಕ್ಟರ್ ಸಮೀಹಾ ಕೆಟ್ಟವರಲ್ಲ. ಯಂತ್ರ ಆರಿಸಿದ ಮೇಲೆ ಮೈಕ್ ಮುಟ್ಟಿಯೇ ಇಲ್ಲ ಎಂದು ಆಣೆ ಮಾಡಿ ಹೇಳಿದರು. ದಣಿವಿಗೆ ಹಾಗಾಗುತ್ತದೆ ಎಂದು ಇನ್ನೊಂದು ಅವಕಾಶವನ್ನೂ ಕೊಡಿಸಿದರು. ಅದರಲ್ಲೂ ಫೇಲಾದರೆ ಮುಂದಿನ ವರ್ಷವೇ. ಅಷ್ಟರಲ್ಲಿ ಆಸ್ಪತ್ರೆಯ ಗಡುವು ದಾಟಿ, ವಾರ್ಡ್ ಕೈಬಿಡುತ್ತಿತ್ತು. ಬೇಕಾದರೆ ಪರೀಕ್ಷೆಯ ರೆಕಾರ್ಡಿಂಗ್ ಕೇಳಬಹುದು ಎಂದರು. ಸಿಸ್ಟರ್ ಒಲ್ಲೆ ಎಂದರು.

ಬಸ್ಸಿನಲ್ಲಿ ಕಾರಣ ಕೇಳಿದೆ.

"ಅದರಲ್ಲಿ ಇಲ್ಲದಿದ್ರೆ ನನಗೆ ತಲೆ ಕೆಟ್ಟಿದೆ ಅಂತ ಆಯ್ತು. ಇದ್ರೆ? ಇದ್ರೆ ಎಂಥ ಮಾಡುದು ಆಶಾ?"

ನನಗೂ ಕೇಳಿಸಿತು ಎಂದೆ. ಅವರು ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದರು. ಫಾಹಾಹೀಲ್ ಬರುವವರೆಗೂ ಬಿಡಲಿಲ್ಲ.

ಬರ್ನಾರ್ಡ್ ನಕ್ಕು ಹಗುರ ಮಾಡಲು ನೋಡಿದರು. "ನೀನು ಬಾಯಿ ಬಿಟ್ರೆ ಅಲ್ವಾ ಅದು ಉತ್ತರ ಕೊಡುದು? ನನ್ನ ಹಾಗೆ ಸುಮ್ಮನಿರು. ಮದುವೆ ಆದಂದಿನಿಂದ ನಾನು ಬಚಾವಾದದ್ದು ಹಾಗೇ."

ಸಿಸ್ಟರ್ ನಗಲಿಲ್ಲ. ಆದರೆ ಆ ಸಲಹೆಯನ್ನೇ ಹಿಡಿದರು.

ಎರಡನೇ ಸಲವೂ ಅದೇ ಪ್ರಶ್ನೆ, ಅದೇ ಕೋಣೆ. ಒಳಗೆ ಹೋಗುವ ಮೊದಲು ಅವರು ಗಟ್ಟಿಯಾಗಿ ತುಟಿ ಕಚ್ಚಿದ್ದನ್ನು ನೋಡಿದೆ. ರೋಗಿ ತೀರಿಕೊಂಡಿದ್ದಾರೆ ಎಂದಾಯಿತು. ಯಂತ್ರ ಆರಿತು. ಸಿಸ್ಟರ್ ಒಂದು ಮಾತೂ ಆಡದೆ ಕೈ ಎತ್ತಿದರು, ಒರೆಸಿದರು, ಮಗ್ಗುಲಿಗೆ ತಿರುಗಿಸಿದರು. ಅವರು ಹೀಗೆ ಮೌನವಾಗಿ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೀರಿನ ಬಟ್ಟೆ ಹಿಂಡುವ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ. ಗೊಂಬೆಯೂ ಸುಮ್ಮನಿತ್ತು. ಬಿಳಿ ಬಟ್ಟೆ ಎದೆ ದಾಟಿತು, ಗಲ್ಲ ದಾಟಿತು.

"ಬಾಯೆ," ಎಂದಿತು ಆ ದನಿ. ಮಗಳೇ ಎಂದು ಕರೆದ ಹಾಗೆ. "ಬಾಯೆ, ಆಸಾಯ್‌ಗೀ?"

ಇದ್ದೀಯಾ ಎಂದು ಕೇಳುತ್ತಿತ್ತು. ಕುರುಡು ರೋಗಿಗಳು ಹಾಗೆ ಕೇಳುತ್ತಾರೆ, ಪಕ್ಕದಲ್ಲಿದ್ದವರು ಎದ್ದು ಹೋದರೇನೋ ಎಂಬ ಹೆದರಿಕೆಯಲ್ಲಿ.

ಸಿಸ್ಟರ್ ಕೈ ನಿಂತಿತು. ನಾನು ಗಾಜಿನ ಕಡೆ ನೋಡಿದೆ. ಆಚೆ ಡಾಕ್ಟರ್ ಸಮೀಹಾ ಇನ್ನೊಬ್ಬ ಪರೀಕ್ಷಕರಿಗೆ ಏನನ್ನೋ ತೋರಿಸುತ್ತಿದ್ದ ನೆರಳು ಮಾತ್ರ ಕಂಡಿತು. ಸಿಸ್ಟರ್ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮುಸುಕನ್ನು ನೆತ್ತಿಯವರೆಗೆ ಎಳೆದು, ಎರಡೂ ಬದಿ ಮಡಚಿ ಸಿಕ್ಕಿಸಿದರು. ಬಟ್ಟೆಯ ಅಡಿಯಲ್ಲಿ ಅದು ಮತ್ತೊಮ್ಮೆ ಕೇಳಿತು. ಈ ಸಲ ಸಣ್ಣಗೆ.

"ಖಲಾಸ್. ಚೆನ್ನಾಗಿ ಮಾಡಿದ್ರಿ ಸಿಸ್ಟರ್" ಎಂದರು ಡಾಕ್ಟರ್ ಸಮೀಹಾ, ಚಾವಣಿಯಿಂದ.

ಆ ಕಾಲೇಜಿನ ಮೊದಲ ಬ್ಯಾಚುಲರ್ ಬ್ಯಾಚಿನಲ್ಲಿ ಗರ್ಟ್ರೂಡ್ ಸಿಸ್ಟರ್ ಪಾಸಾದರು. ನಾನೂ ಪಾಸಾದೆ. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲಿಗಳು ನಾನು. ಆ ಸಣ್ಣ ಕಾಲೇಜು ಇಲ್ಲದಿದ್ದರೆ ನಮ್ಮಂಥವರಿಗೆ ಅದು ಆಗುತ್ತಿರಲಿಲ್ಲ ಎಂಬುದನ್ನು ಇಂದಿಗೂ ಯಾರೆದುರೂ ಹೇಳುತ್ತೇನೆ. ಸಿಸ್ಟರ್ ವಾರ್ಡನ್ನು ಉಳಿಸಿಕೊಂಡರು. ಬೆನೆಡಿಕ್ಟಾ ಕೂಡ ಕೇಕ್ ತಂದುಕೊಟ್ಟರು.

ಆದರೆ ಅಂದಿನಿಂದ ಸಿಸ್ಟರ್ ಸತ್ತವರ ಮೈ ಮುಟ್ಟುವುದಿಲ್ಲ, ಮಾತಾಡಿಸುವುದೂ ಇಲ್ಲ. ಅದನ್ನು ನಮಗೆ ಬಿಟ್ಟಿದ್ದಾರೆ. ನಾನು ತುಳುವಿನಲ್ಲಿ ಹೆದರಬೇಡಿ ಎನ್ನುತ್ತೇನೆ, ಒರೆಸುತ್ತೇನೆ, ಬಟ್ಟೆ ಸುತ್ತುತ್ತೇನೆ. ಅಂಚು ಗಲ್ಲಕ್ಕೆ ಬಂದ ಕೂಡಲೇ ಕಾಲ ಬಳಿ ನಿಂತಿರುವ ಅವರು ಕೈ ಎತ್ತುತ್ತಾರೆ. "ತಡಿ." ಎ.ಸಿ. ಆರಿಸುತ್ತಾರೆ. ತಲೆ ಒಂದು ಬದಿಗೆ ವಾಲಿಸಿ ನಿಲ್ಲುತ್ತಾರೆ. ಹೊರಗೆ ಮನೆಯವರು ಅಳುತ್ತಿದ್ದರೂ, ಶವ ಒಯ್ಯುವವರು ಬಂದು ನಿಂತಿದ್ದರೂ ಸಿಸ್ಟರ್ ಹೇಳುವವರೆಗೆ ಯಾರೂ ಮುಖ ಮುಚ್ಚುವಂತಿಲ್ಲ. ಹೊಸದಾಗಿ ಬಂದವರು ಇದು ಡಿಗ್ರಿಯಲ್ಲಿ ಕಲಿಸಿದ ಕ್ರಮ ಎಂದುಕೊಂಡಿದ್ದಾರೆ.

ಮೊನ್ನೆ ಉಡುಪಿ ಕಡೆಯ ಬ್ರಿಜಿಟ್ ಎಂಬವಳು ಮೊದಲ ಸಲ ಆ ಕೆಲಸಕ್ಕೆ ಬಂದಿದ್ದಳು. ಬಟ್ಟೆಯ ಅಂಚು ಹಿಡಿದು ಹಿಡಿದು ಅವಳ ಕೈ ಸೋತಿತು.

"ಸಿಸ್ಟರ್, ಎಷ್ಟು ಹೊತ್ತು ಕಾಯ್ಬೇಕು?"

"ಅವರಿಗೆ ಹೇಳ್ಲಿಕ್ಕೆ ಏನೂ ಇಲ್ಲ ಅಂತ ನಿನಗೆ ಗ್ಯಾರಂಟಿ ಆಗುವವರೆಗೆ."

ಬ್ರಿಜಿಟ್ ನನ್ನ ಮುಖ ನೋಡಿದಳು. ಆಮೇಲೆ ಅವಳೂ ತಲೆ ವಾಲಿಸಿ ಕಿವಿಗೊಟ್ಟಳು.