ಕಾರಿನ ವಾಸನೆ, ನನ್ನ ಮೂಗು

ನಮ್ಮ ಮನೆಯವರಿಗೆ ತಮ್ಮ ಹಳೆಯ ಡೀಸೆಲ್ ಕಾರಿನ ಮೇಲಿದ್ದ ಮೋಹ ಹೆಂಡತಿಯಾದ ನನ್ನ ಮೇಲೆ ಎಂದೂ ಇರಲಿಲ್ಲ. ಹೊಟ್ಟೆಕಿಚ್ಚಿನ ಮಾತಲ್ಲ ಇದು, ಹೊಟ್ಟೆ ತೊಳಸಿದವಳ ಮಾತು. ಬೈಲಹೊಂಗಲ ದಾಟಿ ಸವದತ್ತಿ ದಾರಿ ಹಿಡಿದು ಎಸಿ ಹಚ್ಚಿದರೆ ಸಾಕು, ಡೀಸೆಲ್ ವಾಸನೆ ಮುಖಕ್ಕೆ ರಾಚುತ್ತಿತ್ತು. ತಂಪು ಮಾತ್ರ ಹೆಸರಿಗಷ್ಟೇ.

“ನೀ ಹುಟ್ಟಿನಿಂದ ಬಸ್ಸಿನ್ಯಾಗ ಅಡ್ಡಾಡಿದಾಕಿ. ನಿನಗ ಕಾರ್ ಒಗ್ಗಂಗಿಲ್ಲ,” ಎನ್ನುತ್ತಿದ್ದರು. ಬಂದ ನೆಂಟರ ಮುಂದೆಲ್ಲ ನನ್ನ ಮೂಗಿನದೇ ತಮಾಷೆ. ಒಮ್ಮೆ, ಒಂದೇ ಒಂದು ಸಲ, ನನ್ನ ಮಾತು ನಂಬಿದ್ದರೆ ಸಾಕಿತ್ತು ನನಗೆ.

ಸುರೇಬಾನದ ಮದುವೆಗೆ ಹೊರಟಾಗ ನನಗೆ ಓಕರಿಕೆ ತಡೆಯಲಾಗಲಿಲ್ಲ. “ಸೀಟ್ ಹೊಲಸಾಗತೈತಿ, ಇಳಿ,” ಎಂದು ರಾಮದುರ್ಗದ ಬಸ್ ನಿಲ್ದಾಣದ ಮುಂದೆ ಇಳಿಸಿ ಹೋಗಿಬಿಟ್ಟರು. ರೇಷ್ಮೆ ಸೀರೆ ಉಟ್ಟುಕೊಂಡು ಬಸ್ಸಿನಲ್ಲಿ ನಿಂತು ಹೋದೆ.

ಹೋದ ದೀಪಾವಳಿಗೆ ಕಿತ್ತೂರಿನಿಂದ ನಾದಿನಿ ಬಂದಿದ್ದಳು. ಕಾರು ಹತ್ತಿ ಓಣಿ ದಾಟುವುದರೊಳಗೆ ಮೂಗು ಮುಚ್ಚಿಕೊಂಡಳು. “ಅಣ್ಣಾ, ಎಷ್ಟ ಡೀಸೆಲ್ ವಾಸನಿ ಇದು! ತಲಿ ಸಿಡ್ಯಾಕತ್ತೈತಿ.”

ಕಾರು ಸೀದಾ ಗ್ಯಾರೇಜಿಗೆ ಹೋಯಿತು. ಮಿಸ್ತ್ರಿ ಬಾನೆಟ್ ಎತ್ತಿದ. ಉಳಿದ ಡೀಸೆಲ್ಲನ್ನು ಟಾಕಿಗೆ ವಾಪಸ್ ಒಯ್ಯುವ ಸಣ್ಣ ರಬ್ಬರ್ ಪೈಪು ಸೀಳು ಬಿಟ್ಟಿತ್ತು. ಕಾದ ಎಂಜಿನ್ ಮೇಲೆ ಡೀಸೆಲ್ ತೊಟ್ಟಿಕ್ಕಿ, ಅದರ ಆವಿ ಎಸಿ ಗಾಳಿಯೊಂದಿಗೆ ಒಳಗೆ ಬರುತ್ತಿತ್ತು.

“ಬಾಳ ದಿನದಿಂದ ಸೋರಾಕತ್ತೈತ್ರಿ. ಮನ್ಯಾಗ ಯಾರಿಗೂ ವಾಸನಿ ಬಂದಿಲ್ಲೇನ್ರಿ?”

“ಇಲ್ಲ,” ಎಂದರು ನಮ್ಮ ಮನೆಯವರು. ನಾನು ಪಕ್ಕದಲ್ಲೇ ನಿಂತಿದ್ದೆ.

ಪೈಪು ಬದಲಾಯಿತು, ವಾಸನೆ ಪೂರ್ತಿ ಹೋಯಿತು. ಮರುದಿನ ಕಾರಿನಲ್ಲಿ ಕೂತವಳೇ ಸೆರಗನ್ನು ಮೂಗಿಗೆ ಹಿಡಿದು, “ಇನ್ನೂ ಬರಾಕತ್ತೈತ್ರಿ,” ಎಂದೆ.

ತಂಗಿಯಿಂದ ಪಾಠ ಕಲಿತಿದ್ದರಲ್ಲ, ಈ ಸಲ ನಗುವ ಧೈರ್ಯವಾಗಲಿಲ್ಲ. ಮತ್ತೆ ಗ್ಯಾರೇಜು. ಮಿಸ್ತ್ರಿ ಫಿಲ್ಟರ್ ಬದಲಿಸಿದ, ಸೀಟು ಕಿತ್ತು ತೊಳೆದ, ಡ್ಯಾಶ್‌ಬೋರ್ಡ್ ಬಿಚ್ಚಿದ. ಪ್ರತಿ ಸಲವೂ ನಾನು ಒಳಗೆ ಕೂತು, ಉಸಿರೆಳೆದು, ಬೇಸರದಿಂದ ತಲೆಯಾಡಿಸಿದೆ. ಕೊನೆಗೆ ಮಿಸ್ತ್ರಿ ಕೈಮುಗಿದುಬಿಟ್ಟ. ನನಗೆ ಎಳ್ಳಷ್ಟೂ ಪಾಪ ಅನ್ನಿಸಲಿಲ್ಲ. ಆ ಕಾರಿನಿಂದ ಅಷ್ಟು ಸುಖ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆಮೇಲೆ ಅವರು ದಿನಾ ಬೆಳಿಗ್ಗೆ ಎಸಿ ಕಿಂಡಿಗೆ ಮೂಗು ಹಚ್ಚಿ ಕೂಡತೊಡಗಿದರು. ಮೊನ್ನೆ ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆಗೆ ಬಂದರು.

“ನೀ ಹೇಳಿದ್ದು ಖರೆ ನೋಡು. ಇವತ್ತ ನನಗೂ ಬಂತು. ತಲಿ ತಿರಗಾಕತ್ತೈತಿ.”

“ಹಂಗಾರ ಮಾರಿಬಿಡ್ರಿ,” ಎಂದೆ.